ಲಾರಿಯಿಲ್ಲದ ದಾರಿ ನಕಾಶೆಯಲ್ಲಿದೆ

ಪ್ರಶ್ನೆ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರು, ಲಾರಿಗಳ ಕಾಟವಿಲ್ಲದೆ ದಿನಗಟ್ಟಲೆ ಸೈಕಲ್ ತುಳಿಯಬಹುದಂತೆ. ಅದಕ್ಕೆಂದೇ ಬೇರೆ ದಾರಿಗಳಿವೆಯಂತೆ. ನಿಜವೇ? ಅಷ್ಟುದ್ದದ ದಾರಿಗೆ ಜಾಗ ಎಲ್ಲಿಂದ ಬಂತು? ನಮ್ಮ ಟೇಕಲ್, ಮಾಲೂರು ಕಡೆ ಸೈಕಲ್ ಹತ್ತಿದರೆ ಜಲ್ಲಿ ಟಿಪ್ಪರ್‌ಗಳ ಧೂಳು ಕುಡಿಯಬೇಕು. ನಮಗೂ ಅಂಥದ್ದು ಸಾಧ್ಯವೇ? ಅದಕ್ಕೆ ಯಾವ ಸೈಕಲ್ ಬೇಕು?
— ಓದುಗರೊಬ್ಬರು, ಟೇಕಲ್

ಉತ್ತರ: ನಿಜ. ಆದರೆ ನೀವು ಕೇಳಿದ್ದರಲ್ಲಿ ‘ಜಾಗ ಎಲ್ಲಿಂದ ಬಂತು’ ಎನ್ನುವುದನ್ನೇ ನಾನು ಮೊದಲು ಹಿಡಿದುಕೊಳ್ಳುತ್ತೇನೆ. ಟೇಕಲ್‌ನಲ್ಲಿ ಸಾಧ್ಯವೇ ಎಂಬುದಕ್ಕೆ ಉತ್ತರ ಅದರೊಳಗೇ ಇದೆ. ಆ ದಾರಿಗಳ ಬಹುಪಾಲಿಗೆ ಫ್ರೆಂಚರು ಹೊಸದಾಗಿ ಯಾರ ಹೊಲವನ್ನೂ ಕೊಳ್ಳಬೇಕಾಗಲಿಲ್ಲ. ಯಾವ ಕಾಲದಲ್ಲೋ ಬೇರೆ ಕೆಲಸಕ್ಕೆ ಬಿಟ್ಟಿದ್ದ ಸಾರ್ವಜನಿಕ ಜಾಗ, ಆ ಕೆಲಸ ನಿಂತ ಮೇಲೂ ಸಾರ್ವಜನಿಕವಾಗಿಯೇ ಉಳಿದಿತ್ತು. ಅದರ ಮೇಲೆ ಸೈಕಲ್ ಬಂತು.

ಮೊದಲನೆಯದು ರೈಲಿನ ಜಾಗ. 1879ರಲ್ಲಿ ಫ್ರೆಂಚ್ ಸರ್ಕಾರ, ಆಗಿನ ಸಚಿವ ಫ್ರೇಸಿನೆ ಹೆಸರಿನ ಯೋಜನೆಯಡಿ, ಸಣ್ಣಪುಟ್ಟ ಪಟ್ಟಣಗಳಿಗೂ ರೈಲು ಮುಟ್ಟಿಸಲು ಹೊರಟಿತು. ದ್ರಾಕ್ಷಿ ತೋಟಗಳ ನಡುವೆ, ದನ ಮೇಯುವ ಬಯಲುಗಳಲ್ಲಿ ಕಿರುರೈಲುಗಳು ಓಡಾಡಿದವು. ಮೊದಲ ಮಹಾಯುದ್ಧದ ನಂತರ ಬಸ್ಸು, ಕಾರು ಬಂದವು, ರೈಲುಗಳಿಗೆ ಜನವಿಲ್ಲದಾಯಿತು, ಒಂದೊಂದೇ ಮುಚ್ಚಿದವು. ಹಳಿ ಕಿತ್ತರು. ಆದರೆ ಹಳಿಯ ಕೆಳಗಿನ ದಿಬ್ಬ, ಸೇತುವೆ, ಸುರಂಗ ಎಷ್ಟೋ ಕಡೆ ಉಳಿದವು. ಬರ್ಗಂಡಿ ಸೀಮೆಯಲ್ಲಿ ಝೀವ್ರಿಯಿಂದ ಕ್ಲೂನಿವರೆಗಿನ 44 ಕಿಲೋಮೀಟರ್ ಹಳೆಯ ರೈಲುದಾರಿಗೆ ಡಾಂಬರು ಹಾಕಿ 1997ರಲ್ಲಿ ಸೈಕಲ್ಲಿಗೂ ನಡೆದಾಡುವವರಿಗೂ ಬಿಟ್ಟರು. ಅಂಥ ದಾರಿಗಳಿಗೆ ಅಲ್ಲಿ ‘ವುವಾ ವೆರ್ತ್’ ಎನ್ನುತ್ತಾರೆ, ಹಸಿರು ದಾರಿ. ಆ ದೇಶದ ಮೊದಲ ಹಸಿರು ದಾರಿ ಇದು. ಉಗಿಬಂಡಿ ಕಡಿದಾದ ಏರು ಹತ್ತಲಾರದು, ಹಾಗಾಗಿ ಅಂದಿನ ಎಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿ ದಾರಿಯನ್ನು ಸಮ ಮಾಡಿದ್ದರು. ಆ ಶ್ರಮದ ಫಲವನ್ನು ಇವತ್ತು ಎಪ್ಪತ್ತು ವರ್ಷದ ಅಜ್ಜಿಯೂ ಎಂಟು ವರ್ಷದ ಮಗುವೂ ಉಣ್ಣುತ್ತಿದ್ದಾರೆ. ಇದೇ ದಾರಿ ಮುಂದೆ ಮಕೋನ್ ಕಡೆಗೆ ಸಾಗುವಲ್ಲಿ ಬೆಟ್ಟದ ಕೆಳಗೆ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗವಿದೆ. ಚಳಿಗಾಲದಲ್ಲಿ ಅಲ್ಲಿ ಬಾವಲಿಗಳು ಮಲಗುತ್ತವೆ. ಅವುಗಳ ನಿದ್ದೆ ಕೆಡದಿರಲೆಂದು ಆ ತಿಂಗಳುಗಳಲ್ಲಿ ಸುರಂಗವನ್ನು ಮುಚ್ಚುತ್ತಾರೆ. ಸೈಕಲ್ಲಿನವರು ಬೆಟ್ಟ ಹತ್ತಿ ಇಳಿಯಬೇಕು. ನನಗೆ ಈ ಏರ್ಪಾಟು ಬಹಳ ಇಷ್ಟ.

ಎರಡನೆಯದು ಕಾಲುವೆಯ ದಂಡೆ. ಪಿಯೆರ್ ಪೋಲ್ ರಿಕೆ ಎಂಬಾತನ ಮುಂದಾಳತ್ವದಲ್ಲಿ 1666ರಿಂದ 1681ರವರೆಗೆ ತೋಡಿದ ಮಿದಿ ಕಾಲುವೆ ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಸುಮಾರು 240 ಕಿಲೋಮೀಟರ್ ಹರಿಯುತ್ತದೆ. ಆಗ ದೋಣಿಗಳನ್ನು ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯಬೇಕಿತ್ತು. ಅದಕ್ಕಾಗಿ ನೀರಿನ ಪಕ್ಕದಲ್ಲೇ ದಾರಿ ಬಿಟ್ಟರು. ಕುದುರೆ ಹೋಯಿತು, ದಾರಿ ಉಳಿಯಿತು. ಅಲ್ಲಿಯದೆಲ್ಲ ಚೆಂದವೆಂದು ತಿಳಿಯಬೇಡಿ. ಎಷ್ಟೋ ಕಡೆ ಡಾಂಬರಿಲ್ಲ, ಮರದ ಬೇರುಗಳು ಎದ್ದು ಚಕ್ರಕ್ಕೆ ತಾಗುತ್ತವೆ, ಮಳೆ ಬಂದರೆ ಕೆಸರು. ದಂಡೆಗೆ ನೆರಳು ಕೊಡುವ ಪ್ಲೇನ್ ಮರಗಳಿಗೆ 2006ರಲ್ಲಿ ಶಿಲೀಂಧ್ರ ರೋಗ ತಗುಲಿದ್ದು ಗೊತ್ತಾಯಿತು. ಅಲ್ಲಿಂದೀಚೆಗೆ ಸಾವಿರಾರು ಮರಗಳನ್ನು ಕಡಿದು ಬೇರೆ ಜಾತಿಯ ಸಸಿಗಳನ್ನು ನೆಡುತ್ತ ಬಂದಿದ್ದಾರೆ.

ಇನ್ನೊಂದು ಮಾತು. ಅಲ್ಲಿಯ ದೂರದ ದಾರಿಗಳು ಪೂರ್ತಿಯಾಗಿ ವಾಹನವಿಲ್ಲದವಲ್ಲ. ಲ್ವಾರ್ ನದಿಯ ಜೊತೆಯಲ್ಲೇ ಸಾಗಿ ಅಟ್ಲಾಂಟಿಕ್ ಸಮುದ್ರ ಮುಟ್ಟುವ ಸುಮಾರು 900 ಕಿಲೋಮೀಟರ್ ದಾರಿ ಬಹಳ ಹೆಸರುವಾಸಿ. ಅದರಲ್ಲಿ ಸಾಕಷ್ಟು ಭಾಗ ಸಾಮಾನ್ಯ ಹಳ್ಳಿ ರಸ್ತೆಯೇ. ದಿನಕ್ಕೆ ನಾಲ್ಕಾರು ಕಾರು, ಒಂದೆರಡು ಟ್ರ್ಯಾಕ್ಟರ್ ಓಡಾಡುವ ರಸ್ತೆಗಳನ್ನು ಆರಿಸಿ, ನಡುನಡುವೆ ನದಿ ದಂಡೆಯನ್ನು ಸೇರಿಸಿ, ಪ್ರತಿ ತಿರುವಿನಲ್ಲೂ ಬಾಣದ ಗುರುತು ನೆಟ್ಟು ಒಂದೇ ದಾರಿಯಾಗಿ ಹೊಲಿದಿದ್ದಾರೆ. ಪೂರ್ತಿ ಬೇರೆಯಾದ ಹಸಿರು ದಾರಿಗೆ ಮಾತ್ರ ಕಾನೂನಿನ ರಕ್ಷಣೆ ಇದೆ. 2004ರಲ್ಲಿ ಅಲ್ಲಿಯ ಸಂಚಾರ ಸಂಹಿತೆಗೆ ಇದನ್ನು ಸೇರಿಸಿದರು: ಮೋಟಾರಿಲ್ಲದ ವಾಹನ, ನಡೆಯುವವರು, ಕುದುರೆ ಸವಾರರು, ಇಷ್ಟು ಜನಕ್ಕೆ ಮಾತ್ರ. ನೀಲಿ ಫಲಕ ಕಂಡರೆ ಬೈಕಿನವನು ಹಿಂದಿರುಗಬೇಕು.

ಈಗ ಟೇಕಲ್‌ಗೆ ಬರೋಣ. ರೈಲಿನ ಆಸೆಯನ್ನು ಮೊದಲೇ ಬಿಟ್ಟುಬಿಡಿ, ಬಿಡಬೇಕಾದ್ದೂ ಒಳ್ಳೆಯ ಕಾರಣಕ್ಕೇ. ನಿಮ್ಮೂರಿನ ಮೇಲೆ ಹಾಯುವ ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರದ್ದು, ಇವತ್ತಿಗೂ ಬಿಡುವಿಲ್ಲದ ಮಾರ್ಗ. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋಗುತ್ತಿದ್ದ ಎರಡೂವರೆ ಅಡಿ ಅಗಲದ ಪುಟ್ಟ ರೈಲು ಮಾತ್ರ ಫ್ರಾನ್ಸಿನ ಕಿರುರೈಲುಗಳಂತೆಯೇ ಸೊರಗಿತ್ತು. ಅಲ್ಲಾದರೆ ಅದು ಸೈಕಲ್ ದಾರಿಯಾಗುತ್ತಿತ್ತೇನೋ. ಇಲ್ಲಿ ಜನ ರೈಲೇ ಬೇಕೆಂದರು, 2013ರ ಹೊತ್ತಿಗೆ ಅದು ಪೂರ್ತಿ ಬ್ರಾಡ್‌ಗೇಜ್ ಆಯಿತು. ನಮ್ಮ ಜಿಲ್ಲೆಗೆ ರೈಲು ಬೇಕು. ಅದರ ಬಗ್ಗೆ ನನಗೆ ಕೊರಗಿಲ್ಲ.

ನಮ್ಮ ಕುದುರೆದಾರಿ ಯಾವುದೆಂದರೆ ಕೆರೆ ಏರಿ. ಕೋಲಾರ ಸೀಮೆಯಲ್ಲಿ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ಹರಿದು ರಾಜಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆ ತುಂಬುತ್ತದೆ, ಅದು ತುಂಬಿ ಇನ್ನೊಂದಕ್ಕೆ. ವರ್ಷವಿಡೀ ಹರಿಯುವ ನದಿಯಿಲ್ಲದ ನೆಲದಲ್ಲಿ ಹಿರಿಯರು ಹೀಗೆ ಊರಿಂದೂರಿಗೆ ನೀರನ್ನು ಕೈದಾಟಿಸಿದರು. ನೀರು ಹೋದ ಕಡೆಯೆಲ್ಲ ಸಾರ್ವಜನಿಕ ಜಾಗವೂ ಹೋಯಿತು: ಏರಿ, ತೂಬಿನ ಕಾಲುವೆಯ ಬದಿ, ಕೋಡಿ ಹಳ್ಳ, ಪಕ್ಕದ ಗುಂಡುತೋಪು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬಂದು ಜಿಲ್ಲೆಯ ಅನೇಕ ಕೆರೆಗಳಲ್ಲಿ ಮತ್ತೆ ನೀರು ನಿಂತಿದೆ. ಒಣಗಿದ ಕೆರೆಯ ಏರಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನೀರಿರುವ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಸಂಜೆ ಜನ ತಾವಾಗಿಯೇ ನಡೆಯುತ್ತಾರೆ.

ಏರಿಯಿಂದ ಏರಿಗೆ ಸೇರಿಸುವುದು ಹೇಗೆ? ಇಲ್ಲಿ ನಿಮಗೊಂದು ಕೆಲಸ ಹೇಳುತ್ತೇನೆ. ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಪ್ರತಿ ಗ್ರಾಮದ ನಕಾಶೆ ಸಿಗುತ್ತದೆ. ಟೇಕಲ್‌ನದೂ ಸುತ್ತಲಿನ ಹಳ್ಳಿಗಳದೂ ಇಳಿಸಿಕೊಂಡು ಒಂದರ ಪಕ್ಕ ಒಂದು ಇಟ್ಟು ನೋಡಿ. ಜೋಡಿ ಚುಕ್ಕೆಗೆರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಕಾಲುದಾರಿ. ಒಂದು ಗ್ರಾಮದ ಗಡಿಯಲ್ಲಿ ನಿಂತ ಗೆರೆ ಪಕ್ಕದ ಗ್ರಾಮದ ನಕಾಶೆಯಲ್ಲಿ ಮುಂದುವರಿಯುತ್ತದೆ. ಡಾಂಬರು ರಸ್ತೆ ಬರುವ ಮುಂಚೆ ಸಂತೆಗೆ, ಜಾತ್ರೆಗೆ, ನೆಂಟರ ಮನೆಗೆ ಜನ ಹೋಗುತ್ತಿದ್ದುದು ಈ ಗೆರೆಗಳ ಮೇಲೆಯೇ. ನಕಾಶೆ ಕಂಡ ದಾರಿ ಸಾರ್ವಜನಿಕರದು. ದಾಖಲೆಯಲ್ಲಿ ಬಿ ಖರಾಬು ಎಂದಿರುವ ಜಾಗವೂ ಹಾಗೆಯೇ, ಅದು ಯಾರ ಪಟ್ಟಾ ಜಮೀನಿನ ನಡುವೆ ಹಾದರೂ ಸರಿ. ಆಮೇಲೆ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದುಕೊಂಡು ಅದೇ ಗೆರೆಯ ಮೇಲೆ ನಡೆಯಿರಿ. ಕೆಲವು ಕಡೆ ದಾರಿ ಹಾಗೇ ಇರುತ್ತದೆ. ಕೆಲವು ಕಡೆ ಟೊಮೆಟೊ ಸಾಲು ದಾರಿಯ ಮೇಲೆ ಬಂದಿರುತ್ತದೆ. ಇನ್ನು ಕೆಲವು ಕಡೆ ನೀಲಗಿರಿ ತೋಪು, ಬಡಾವಣೆಯ ಕಾಂಪೌಂಡು, ಇಲ್ಲವೇ ಕ್ವಾರಿಯ ಗುಂಡಿ.

ಫ್ರಾನ್ಸಿಗೂ ನಮಗೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇಲ್ಲೇ. ಅಲ್ಲಿ ರೈಲು ನಿಂತರೂ ಅದರ ಜಾಗ ತುಂಡಾಗದೆ ಉಳಿದಲ್ಲೇ ಹಸಿರು ದಾರಿ ಆಯಿತು. ಇಲ್ಲಿ ಬಂಡಿ ನಿಂತ ದಿನದಿಂದ ದಾರಿ ಬದುವಿನ ಕಡೆಯಿಂದ ಸವೆಯುತ್ತಿದೆ. ಹೀಗಾಗಿ ಸೈಕಲ್ ಪಥಕ್ಕೆ ಹಣ ಕೊಡಿ ಎಂದು ಯಾರಿಗೂ ಮನವಿ ಬರೆಯುವ ಮೊದಲು, ತಹಶೀಲ್ದಾರರಿಗೆ ಬರೆದು ಈ ದಾರಿಗಳ ಹದ್ದುಬಸ್ತು ಮಾಡಿಸಿ ಎಂದು ಕೇಳಿ. ರೈತರನ್ನು ಎದುರು ಹಾಕಿಕೊಂಡು ಮಾಡುವ ಕೆಲಸವಲ್ಲ ಇದು. ಒಳಗಿನ ಹೊಲದವರಿಗೆ ಬೆಳೆ ಸಾಗಿಸಲು ಇದೇ ದಾರಿ ಬೇಕು, ಅದಕ್ಕಾಗಿ ಅವರು ವರ್ಷಗಟ್ಟಲೆ ಅಲೆಯುತ್ತಿರುತ್ತಾರೆ. ನಿಮ್ಮ ಮೊದಲ ಜೊತೆಗಾರರು ಅವರೇ. ಉದ್ಯೋಗ ಖಾತ್ರಿಯಲ್ಲಿ ಗ್ರಾಮ ಪಂಚಾಯಿತಿಗಳು ಹೊಲದ ದಾರಿಗಳಿಗೆ ಮಣ್ಣು ಹಾಕಿಸಿದ್ದೂ ಇದೆ. ಹೊಲಕ್ಕೆ ಹೋಗುವ ಟ್ರ್ಯಾಕ್ಟರು, ಎತ್ತಿನ ಗಾಡಿ ಅಲ್ಲಿ ಓಡಾಡಲಿ, ಸೈಕಲ್ಲಿಗೆ ಅವುಗಳಿಂದ ಏನೂ ತೊಂದರೆಯಿಲ್ಲ. ಡಾಂಬರಿಲ್ಲದ ಏರಿಗಳ ಮೇಲೆ ಮಾತ್ರ ಎರಡೂ ತುದಿಗೆ ಕಲ್ಲುಕೂಚ ನೆಟ್ಟರೆ ಟಿಪ್ಪರ್, ಕಾರು ನುಗ್ಗುವುದಿಲ್ಲ. ಮಣ್ಣಿನ ಏರಿಗೂ ಅದರಿಂದ ಒಳ್ಳೆಯದು. ಟೇಕಲ್‌ನಲ್ಲಿ ಕಲ್ಲಿಗೂ ಬರವಿಲ್ಲ, ಕಲ್ಲು ಸೀಳುವ ಕೈಗಳಿಗೂ ಬರವಿಲ್ಲ. ದೊಡ್ಡ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಯನ್ನೂ, ಸಣ್ಣದಾದರೆ ಪಂಚಾಯಿತಿಯನ್ನೂ ಕೇಳಬೇಕು.

ಇಂಥ ಕೆಲಸ ಕರ್ನಾಟಕದಲ್ಲಿ ಆಗಿಯೇ ಇಲ್ಲವೆಂದಲ್ಲ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಂಡೆಯ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಹಸಿರು ಪಥ ಮಾಡುವ ಯೋಜನೆ ಸ್ಮಾರ್ಟ್ ಸಿಟಿ ಅಡಿಯಲ್ಲಿ ಬಂತು. ಅದಕ್ಕೆ ನೆರವಾದವರಲ್ಲಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯೂ ಇದೆ. ಆದರೆ ಅದು ನಗರದ ಮಾತು. ಹಳ್ಳಿಯ ಲೆಕ್ಕವೇ ಬೇರೆ. 2006–07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಹೈಸ್ಕೂಲು ದೂರವೆಂದು ಓದು ಬಿಡುತ್ತಿದ್ದ ಹುಡುಗಿಯರಿಗೆ ಅದರಿಂದ ಆದ ಉಪಕಾರ ದೊಡ್ಡದು. ಸೈಕಲ್ ಕೊಟ್ಟ ನಾವು ಅದನ್ನು ತುಳಿಯುವ ದಾರಿಯನ್ನು ಕೊಡಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡ ಹದಿಮೂರರ ಹುಡುಗಿ ಜಲ್ಲಿ ತುಂಬಿದ ಲಾರಿಯ ಪಕ್ಕದಲ್ಲಿ ಸೈಕಲ್ ತುಳಿಯುವುದನ್ನು ನೋಡಿದರೆ ನನಗೆ ಎದೆ ಹಾರುತ್ತದೆ. ಟೇಕಲ್‌ಗೆ ಏರಿದಾರಿ ಬೇಕು ಎಂದು ನಾನು ಹೇಳುವುದು ಪ್ರವಾಸಿಗರಿಗಿಂತ ಮೊದಲು ಅವಳಿಗಾಗಿ.

ಅಷ್ಟೆಲ್ಲ ಆಗುವವರೆಗೆ ಕಾಯಬೇಕಿಲ್ಲ. ಲ್ವಾರ್ ದಂಡೆಯವರು ಮಾಡಿದಂತೆ ಕಡಿಮೆ ವಾಹನದ ರಸ್ತೆಗಳನ್ನು ಹೊಲಿದುಕೊಳ್ಳಿ. ಕ್ವಾರಿ, ಕ್ರಷರ್‌ಗಳ ರಸ್ತೆಗಳನ್ನು ಮೊದಲೇ ಬಿಟ್ಟುಬಿಡಿ. ಕೋಲಾರ, ಮುಳಬಾಗಿಲಿನ ಹೆದ್ದಾರಿಯೂ ಮಾಲೂರಿನ ಮೇಲೆ ಹಾಯುವ ಚೆನ್ನೈ ಎಕ್ಸ್‌ಪ್ರೆಸ್‌ವೇಯೂ ಸೈಕಲ್ಲಿಗೆ ಹೇಳಿದವಲ್ಲ. ನಿಮ್ಮೂರಿನಿಂದ ದಕ್ಷಿಣಕ್ಕೆ ಹಳ್ಳಿ ರಸ್ತೆಗಳಲ್ಲಿ ಮಾಸ್ತಿಗೆ ಹೋಗಿ. ಕನ್ನಡದ ಸಣ್ಣಕತೆಗೆ ಆ ಊರಿನ ಹೆಸರು ಅಂಟಿಕೊಂಡಿರುವುದು ನಿಮಗೆ ಗೊತ್ತೇ ಇದೆ. ಅಲ್ಲಿಂದ ಪೂರ್ವಕ್ಕೆ, ಹೈದರಾಲಿ ಹುಟ್ಟಿದ ಬೂದಿಕೋಟೆ. ಹತ್ತಿರದಲ್ಲೇ ಮಾರ್ಕಂಡೇಯ ಜಲಾಶಯ. ಆಮೇಲೆ ಬಂಗಾರಪೇಟೆ. ಅಲ್ಲಿಂದ ಟೇಕಲ್‌ಗೆ ತುಳಿದೇ ಬರಬಹುದು. ದಣಿವಾದರೆ ಪ್ಯಾಸೆಂಜರ್ ರೈಲಿದೆ, ಆದರೆ ಸೈಕಲ್ಲನ್ನು ಲಗೇಜಿನಲ್ಲಿ ಬುಕ್ ಮಾಡಿಸಬೇಕು, ಮುಂಚೆಯೇ ಸ್ಟೇಷನ್ನಿನಲ್ಲಿ ವಿಚಾರಿಸಿಕೊಳ್ಳಿ. ಅವಸರ ಬೇಡ, ಇದನ್ನು ಎರಡು ದಿನದ ದಾರಿ ಎಂದುಕೊಂಡರೂ ತಪ್ಪಿಲ್ಲ. ಒಂದು ಎಚ್ಚರಿಕೆ: ಮಾಸ್ತಿ, ಬೂದಿಕೋಟೆ, ಕಾಮಸಮುದ್ರದ ಕಡೆ ತಮಿಳುನಾಡಿನ ಕಾಡಿನಿಂದ ಆನೆಗಳು ಬರುತ್ತವೆ, ರಾಗಿ ಬಲಿತ ತಿಂಗಳುಗಳಲ್ಲಿ ಹೆಚ್ಚು. ಬಿಸಿಲು ಬಿದ್ದ ಮೇಲೆ ಹೊರಡಿ, ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ, ಹಳ್ಳಿಯವರು ಹೋಗಬೇಡಿ ಎಂದ ದಾರಿಯಲ್ಲಿ ಹೋಗಬೇಡಿ.

ಇನ್ನು ಸೈಕಲ್ಲು. ದುಬಾರಿಯದು ಬೇಕಿಲ್ಲ. ಡಾಂಬರಿನ ಮೇಲೆ ಓಡುವ ತೆಳು ಟೈರಿನ ರೇಸ್ ಸೈಕಲ್ ಏರಿಯ ಮಣ್ಣಿಗೆ ಆಗಿಬರುವುದಿಲ್ಲ. ಸ್ವಲ್ಪ ಅಗಲದ ಟೈರು, ಹಿಂದೆ ಗಟ್ಟಿ ಕ್ಯಾರಿಯರ್, ಗೇರು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏರಿನಲ್ಲಿ ಇಳಿದು ತಳ್ಳಬಹುದು. ಕೋಡಿ ದಾಟುವಾಗ ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಬೇಕಾಗುತ್ತದೆ, ಆದ್ದರಿಂದ ತೂಕ ಕಡಿಮೆ ಇರಲಿ, ಚೀಲವೂ ಚಿಕ್ಕದಿರಲಿ. ನಮ್ಮ ಕೆರೆ ಅಂಗಳಗಳ ತುಂಬ ಜಾಲಿ ಬೆಳೆದಿದೆ, ಮುಳ್ಳು ಏರಿಯ ಮೇಲೂ ಬಿದ್ದಿರುತ್ತದೆ. ಒಂದು ಬದಲಿ ಟ್ಯೂಬು, ಪಂಚರ್ ಸಾಮಾನು, ಕೈಪಂಪು ಇಲ್ಲದೆ ಮನೆ ಬಿಡಬೇಡಿ.