ಬಾಡಿಗೆಯ ಮನೆಯಲ್ಲಿ ಹೆಂಡತಿಯ ಹಕ್ಕು

ನಾವಿರುವುದು ವಠಾರದಲ್ಲಿ. ನಡುವೆ ಒಂದೇ ಗೋಡೆಯಾದುದರಿಂದ ನೆರೆಮನೆಯ ಏಟಿನ ಸದ್ದು ನಮ್ಮ ಅಡಿಗೆಮನೆಗೆ ಕೇಳುತ್ತಿದ್ದಿತು. ಕಳೆದ ವರ್ಷ ಆ ಮನೆಯ ಗಂಡಸು ಹೆಂಡತಿಯನ್ನು ತೊರೆದು, ಮನೆ ಬಿಟ್ಟಿದ್ದೇನೆಂದು ಮಾಲೀಕರಿಗೆ ಹೇಳಿ, ಮುಂಗಡದ ಹಣವನ್ನೂ ಪಡೆದು ಹೊರಟುಹೋದನು. "ಕರಾರುಪತ್ರದಲ್ಲಿ ನಿನ್ನ ಹೆಸರೆಲ್ಲಿದೆಯಮ್ಮ?" ಎಂದು ಮಾಲೀಕರು ಆಕೆಯನ್ನು ಕೇಳಿದರು. "ಇಷ್ಟು ಓದಿದ್ದೀಯಲ್ಲ, ಕಾನೂನು ಏನು ಹೇಳುತ್ತದೆ?" ಎಂದು ಅಮ್ಮ ನನ್ನನ್ನು ಕೇಳಿದಳು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿಯೂ ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು 2005ರಲ್ಲಿ ಅಂಗೀಕೃತವಾಗಿ, 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಗಂಡನೊಡನೆ ಕೂಡಿ ಬಾಳಿದ ಮನೆ ಸ್ವಂತದ್ದಿರಲಿ, ಬಾಡಿಗೆಯದಿರಲಿ, ಪತ್ರ ಅವನೊಬ್ಬನ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕನ್ನು 17ನೆಯ ಕಲಂ ಆಕೆಗೆ ಕೊಡುತ್ತದೆ. 19ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರು ಗಂಡನನ್ನು ಮನೆಯಿಂದ ಹೊರಗಿರಿಸಬಹುದು. ತಮ್ಮ ಅಪ್ಪಣೆಯಿಲ್ಲದೆ ಮನೆಯ ಹಕ್ಕನ್ನು ಬಿಟ್ಟುಕೊಡಕೂಡದೆಂದು ಅವನನ್ನು ತಡೆಯಬಹುದು. ನೆರೆಯಾಕೆಗೆ ಸಕಾಲದಲ್ಲಿ ಬೇಕಾಗಿದ್ದುದು ಈ ಆಜ್ಞೆಯೇ. ಅಲ್ಲಿರುವುದು ಆಗದಿದ್ದರೆ, ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಅದರ ಬಾಡಿಗೆ ತೆರು ಎಂದೂ ವಿಧಿಸಬಹುದು.

ಆದರೆ ಈ ಆಜ್ಞೆಗಳು ಬೀಳುವುದು ಗಂಡನ ಕಡೆಯವರ ಮೇಲೆ. ಬಾಡಿಗೆ ನಿಂತರೆ ಮಾಲೀಕರು ದಾವೆ ಹೂಡುವುದನ್ನು ಅಧಿನಿಯಮ ತಡೆಯದು. ಬೆಂಗಳೂರಿನ ಮನೆಯೊಂದರ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ದಾರಿ ತೋರಿತು: ಬಾಡಿಗೆದಾರನಾದ ಗಂಡನು ದಾವೆಯನ್ನು ಕೈಬಿಟ್ಟರೆ, ಅವನು ತೊರೆದ ಹೆಂಡತಿ ತಾನೇ ನಿಂತು ವಾದಿಸಬಹುದು. ಗಂಡನಿಗಿದ್ದ ವಾದಗಳಷ್ಟೇ ಆಕೆಗೂ ಉಂಟು, ಹೆಚ್ಚಿಲ್ಲ. ವಿಚ್ಛೇದನವಾಗಿ, ಅದರಲ್ಲಿ ವಾಸದ ಏರ್ಪಾಡು ಇಲ್ಲದಿದ್ದರೆ ಈ ಅವಕಾಶವೂ ಇಲ್ಲ. ವಿಚಿತ್ರವೆಂದರೆ, ಆ ಮೊಕದ್ದಮೆಯನ್ನು ಅಲ್ಲಿಯವರೆಗೆ ಒಯ್ದ ಹೆಣ್ಣುಮಗಳೇ ವಿಚ್ಛೇದನದ ಕಾರಣದಿಂದ ಸೋತಳು. ಓದುವಾಗ ನನಗೆ ಕಸಿವಿಸಿಯಾಯಿತು. ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವ ಮುನ್ನ ಮನೆಯ ಮಾತನ್ನು ಬರೆಸಿಕೊಳ್ಳಬೇಕೆಂದು ಎಷ್ಟು ಜನರಿಗೆ ಗೊತ್ತು?

ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿಯೂ ಇದ್ದು, ಅರ್ಜಿಗೆ ನೆರವಾಗುತ್ತಾರೆ. ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ವಕೀಲರ ನೆರವು ಉಚಿತ.

ನಾನು ಇಷ್ಟನ್ನು ತಿಳಿಯುವಷ್ಟರಲ್ಲಿ ಆಕೆ ತವರಿಗೆ ಹೋಗಿಯಾಗಿತ್ತು. ಹಿಂದೆ ಬಾಳಿದ ಮನೆಯೂ ಕಾನೂನಿನ ಲೆಕ್ಕಕ್ಕೆ ಬರುತ್ತದೆಂದು ಹೇಳಿದಾಗ ಅಮ್ಮ, "ಒಂದು ಹಾಳೆಯಲ್ಲಿ ಬರೆದುಕೊಡು, ಕಳುಹಿಸುತ್ತೇನೆ" ಎಂದಳು. ಬರೆದುಕೊಟ್ಟೆ.