ಕಂಪೆನಿಯ ಕಾಗದಕ್ಕೆ ಸಹಿ ಹಾಕುವ ಮೊದಲು

ಹಳದಿ ಎಲೆ ರೋಗ ನಮ್ಮ ಹಿರೇಕೊಡಿಗೆ ಕಡೆಗೆ ಹೊಸತಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ - ಮೂರೂ ತಾಲೂಕಿನವರು ದಶಕಗಳಿಂದ ಇದನ್ನು ನೋಡುತ್ತಾ ಬಂದಿದ್ದೇವೆ. ಅದು ಸಾಲದು ಅಂತ ಈಗ ಎಲೆಚುಕ್ಕಿ. ನಮ್ಮ ಕೆಳಗಿನ ತೋಟದ ಮುಕ್ಕಾಲು ಎಕರೆಯಲ್ಲಿ ಮರ ಇದೆ, ಕೊನೆ ಇಲ್ಲ.

ಹೀಗಿರುವಾಗ ಕಳೆದ ತಿಂಗಳು ಮಗ ಒಂದು ಕಾಗದ ತಂದ. ಬೆಣ್ಣೆಹಣ್ಣಿನ ಕಸಿಗಿಡ ಕಂಪೆನಿಯೇ ಕೊಡುತ್ತದೆ, ಹತ್ತು ವರ್ಷ ಹಣ್ಣನ್ನೂ ಅದೇ ಕೊಳ್ಳುತ್ತದೆ. "ಅಪ್ಪಯ್ಯ, ಮಾರುಕಟ್ಟೆ ಹುಡುಕುವ ತಲೆಬಿಸಿಯೇ ಇಲ್ಲ, ಸಹಿ ಹಾಕಿದ್ರೆ ಆಯ್ತು" ಅಂದ.

ನಾನು ಸಹಿ ಹಾಕಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಹೊಸ ಗಿಡ ಅಂದರೆ ನಾವು ಹತ್ತು ಜನರ ತೋಟ ನೋಡಿ ಬರುತ್ತೇವೆ. ಆದರೆ ಕೊಳ್ಳುವ ಕಂಪೆನಿಯನ್ನು ಹಾಗೆ ನೋಡುವ ಅಭ್ಯಾಸ ನಮಗಿಲ್ಲ. ಈ ಸಲ ಅದನ್ನೂ ಮಾಡೋಣ ಅಂತ ಅಪ್ಪ ಮಗ ಕೂತು ಮೂರು ನಾಲ್ಕು ಉದಾಹರಣೆಗಳನ್ನು ಬಿಡಿಸಿ ನೋಡಿದೆವು. ಅದರಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನನ್ನದೇ ಪೆಟ್ಟು

ಮೊದಲ ಉದಾಹರಣೆ ನಾನೇ. 2000ದಲ್ಲಿ ಮಡಗಾಸ್ಕರಿನಲ್ಲಿ ಚಂಡಮಾರುತ ಎದ್ದು ಅಲ್ಲಿಯ ವೆನಿಲ್ಲಾ ತೋಟಗಳು ಹಾಳಾದವು. ಬೆಲೆ ಏರಿತು. ನಮ್ಮ ಮಲೆನಾಡಿನಲ್ಲಿ ಕಂಡಕಂಡಲ್ಲಿ ಬಳ್ಳಿ ನೆಟ್ಟರು, ನಾನೂ ನೆಟ್ಟೆ. 2003ರಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಸಿಕ್ಕಿದವರಿದ್ದರು. ನನ್ನ ಬಳ್ಳಿ ಚೆನ್ನಾಗಿ ಕೋಡು ಬಿಡುವ ಹೊತ್ತಿಗೆ ದರ ಬಿದ್ದಿತ್ತು. ಬುಟ್ಟಿ ಹೊತ್ತು ಹೋದರೆ ಹಿಂದಿನ ವರ್ಷ ಮನೆ ಬಾಗಿಲಿಗೆ ಬರುತ್ತಿದ್ದ ವ್ಯಾಪಾರಿ, "ಈಗ ಬೇಡ ಮಾರಾಯ್ರೆ" ಅಂದ.

ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ. ಹಸಿ ಕೋಡನ್ನು ಕೆಲವೇ ದಿನಗಳಲ್ಲಿ ಸಂಸ್ಕರಿಸಬೇಕು, ಆ ವಿದ್ಯೆ ನನಗೆ ಗೊತ್ತಿರಲಿಲ್ಲ. ಅವನು ಕಾಯಬಹುದಿತ್ತು, ನಾನು ಕಾಯುವ ಹಾಗಿರಲಿಲ್ಲ. ವ್ಯಾಪಾರದ ಪೈಪೋಟಿಯ ಅರ್ಧ ಪಾಠ ಇದರಲ್ಲೇ ಇದೆ.

ಅಡಿಕೆ: ಪಕ್ಕದಲ್ಲಿ ಇನ್ನೊಬ್ಬ ಕೊಳ್ಳುವವ

1970ರ ದಶಕದ ಆರಂಭದಲ್ಲಿ ಅಡಿಕೆ ದರ ನೆಲಕಚ್ಚಿತ್ತು. ಅಡಿಕೆಯೇನೋ ಚೀಲ ಕಟ್ಟಿಟ್ಟರೆ ಕಾಯುವ ಮಾಲು. ಆದರೆ ಸಾಲ, ಮದುವೆ, ಮಕ್ಕಳ ಶಾಲೆ ಕಾಯುವುದಿಲ್ಲ. ಹಾಗಾಗಿ ಬೆಳೆಗಾರ ಸಿಕ್ಕಿದ ದರಕ್ಕೆ ಕೊಟ್ಟ. ಆಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರ ಸಹಕಾರಿ ಸಂಸ್ಥೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾಂಪ್ಕೊ ಎಲ್ಲರ ಅಡಿಕೆಯನ್ನೂ ಕೊಳ್ಳಲಿಲ್ಲ, ಕೊಳ್ಳಬೇಕಾಗಿಯೂ ಇರಲಿಲ್ಲ. ಇಂಥ ದರಕ್ಕೆ ಕೊಳ್ಳುವ ಇನ್ನೊಬ್ಬ ಇದ್ದಾನೆ ಎಂದು ಗೊತ್ತಾದರೆ ಸಾಕು, ವರ್ತಕ ಅದಕ್ಕಿಂತ ತೀರಾ ಕೆಳಗೆ ಕೇಳುವ ಹಾಗಿಲ್ಲ. ಕ್ಯಾಂಪ್ಕೊಗೆ ಅಡಿಕೆ ಕೊಡದವರಿಗೂ ಇದರ ಲಾಭ ಸಿಕ್ಕಿತು. ನಮ್ಮ ಕಡೆ ಮ್ಯಾಮ್ಕೋಸ್‌ನಂಥ ಸಂಸ್ಥೆಗಳಿಂದ ಆಗಿರುವ ಉಪಕಾರವೂ ಇದೇ.

ಕೊಕ್ಕೋ: ಅವಸರದ ಮಾಲನ್ನು ಕಾಯಿಸಿದ್ದು

ಅಡಿಕೆ ತೋಟದೊಳಗೆ ಕೊಕ್ಕೋ ಬಂದದ್ದು ಕ್ಯಾಡ್ಬರಿ ಕಂಪೆನಿಯ ಪ್ರೋತ್ಸಾಹದಿಂದ. 1960ರ ದಶಕದಿಂದ ಅದು ಗಿಡ ಕೊಟ್ಟು, ಬೆಳೆಯುವ ಕ್ರಮ ಹೇಳಿಕೊಟ್ಟಿತು. ಕಂಪೆನಿಗೆ ಕಚ್ಚಾಮಾಲು ದೇಶದೊಳಗೇ ಬೇಕಿತ್ತು, ರೈತನಿಗೆ ಉಪಬೆಳೆ ಬೇಕಿತ್ತು. ಎರಡು ಕಡೆಯೂ ಸರಿಯೇ. ಆದರೆ 1980ರ ಹೊತ್ತಿಗೆ ಬೆಲೆ ಬಿದ್ದು ಖರೀದಿ ಕುಗ್ಗಿದಾಗ ರೈತನಿಗೆ ಬೇರೆ ಬಾಗಿಲು ಇರಲಿಲ್ಲ. ಕೋಡು ಒಡೆದ ಮೇಲೆ ಹಸಿಬೀಜವನ್ನು ಬೇಗ ಹುದುಗಿಗೆ ಹಾಕಬೇಕು, ಇಲ್ಲದಿದ್ದರೆ ಕೆಡುತ್ತದೆ. ಎಷ್ಟೋ ಜನ ಗಿಡ ಕಡಿದರು.

ಆಗ ಕ್ಯಾಂಪ್ಕೊ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ತೆರೆಯಿತು. ಜಾಹೀರಾತಿನಲ್ಲಿ ದೊಡ್ಡ ಕಂಪೆನಿಗಳ ಎದುರು ನಿಲ್ಲುವುದು ಸುಲಭವಲ್ಲ. ಆದರೆ ಕಾರ್ಖಾನೆಯ ನಿಜವಾದ ಕೆಲಸ ಬೇರೆ. ಎರಡು ದಿನ ಕಾಯದ ಹಸಿಬೀಜವನ್ನು ಒಣಬೀಜ, ಕೊಕ್ಕೋ ಬೆಣ್ಣೆ, ಪುಡಿ ಮಾಡಿ ತಿಂಗಳುಗಟ್ಟಲೆ ಕಾಯುವ ಮಾಲಾಗಿ ಮಾಡಿತು. 2024ರಲ್ಲಿ ಪಶ್ಚಿಮ ಆಫ್ರಿಕದ ಬೆಳೆ ಕೈಕೊಟ್ಟು ಲೋಕದ ಪೇಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿದಾಗ, ಗಿಡ ಉಳಿಸಿಕೊಂಡವರಿಗೆ ಮಾತ್ರ ಅದರ ಫಲ ಸಿಕ್ಕಿತು.

ಕಾಫಿ: ಕಪ್ಪಿನವರೆಗೆ ಹೋದ ಕಂಪೆನಿ

ನಮ್ಮದೇ ಜಿಲ್ಲೆಯ ಇನ್ನೊಂದು ಉದಾಹರಣೆ ಕಾಫಿ ಡೇ. ಮೊದಲು ಕಾಫಿ ಬೆಳೆದವರು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. 1992ರ ನಂತರ ಹಂತಹಂತವಾಗಿ ಸಡಿಲಾಗಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಈ ಬದಲಾವಣೆಯನ್ನು ಬೇಗ ಓದಿಕೊಂಡವರು ವಿ. ಜಿ. ಸಿದ್ಧಾರ್ಥ. ಕಾಫಿ ಬೀಜ ಕೊಂಡು, ಹದ ಮಾಡಿ, ರಫ್ತು ಮಾಡಿ, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಪ್ಪಿಗೇ ಹಾಕಿ ಮಾರಲು ಹೊರಟರು. ಹೆಚ್ಚಿನ ಲಾಭ ಬೀಜದಲ್ಲಿಲ್ಲ, ಕಪ್ಪಿನಲ್ಲಿದೆ ಎಂಬ ಲೆಕ್ಕ ತಪ್ಪಲ್ಲ. ದೇಶದಲ್ಲೆಲ್ಲ ಅಂಗಡಿಗಳು 1,700 ದಾಟಿದವು. 2012ರಲ್ಲಿ ಟಾಟಾ ಜತೆ ಸ್ಟಾರ್‌ಬಕ್ಸ್ ಬಂದರೂ ಸಂಖ್ಯೆಯಲ್ಲಿ ಇವರೇ ಮುಂದಿದ್ದರು.

ಆದರೆ ಆ ಬೆಳವಣಿಗೆಯ ಬುಡದಲ್ಲಿ ಸಾಲ ಇತ್ತು. ಕಾಫಿ ಅಲ್ಲದ ವ್ಯವಹಾರಗಳೂ ಸೇರಿ 2019ರ ಹೊತ್ತಿಗೆ ಸಮೂಹದ ಸಾಲ 7,000 ಕೋಟಿ ರೂಪಾಯಿ ಮೀರಿತ್ತು. ಅದೇ ವರ್ಷ ಜುಲೈಯಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ ಜಿಲ್ಲೆಯೇ ಮರುಗಿತು. ಆಮೇಲೆ ಆಸ್ತಿ ಮಾರಿ ಸಾಲ ತೀರಿಸುತ್ತಾ ಹೋದರು, ಬಹಳಷ್ಟು ಅಂಗಡಿಗಳು ಮುಚ್ಚಿದವು. ಕಾಫಿಗೆ ಗಿರಾಕಿ ಇಲ್ಲ ಅಂತ ಆದದ್ದಲ್ಲ ಇದು. ಸಾಲದ ಕಂತು ಕಾಯುವುದಿಲ್ಲ. ಮದುವೆ ಖರ್ಚಿಗೆ ಅಡಿಕೆ ಮಾರುವ ನಮಗೂ ಅಷ್ಟು ದೊಡ್ಡ ಕಂಪೆನಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ನಮ್ಮ ಕಾಗದ

ಇಷ್ಟನ್ನು ನೋಡಿ ನಾವು ನಾಲ್ಕು ಪ್ರಶ್ನೆ ಬರೆದುಕೊಂಡೆವು:

1. ಈ ಮಾಲು ಕೊಯ್ದ ಮೇಲೆ ಎಷ್ಟು ದಿನ ಕಾಯುತ್ತದೆ?
2. ಈ ಕಂಪೆನಿ ಬಿಟ್ಟರೆ ಕೊಳ್ಳುವವರು ಇನ್ನೆಷ್ಟು ಜನ?
3. ನಾನು ಕೊಡದಿದ್ದರೆ ಕಂಪೆನಿಗೆ ನಷ್ಟ ಏನು? ಅದು ಕೊಳ್ಳದಿದ್ದರೆ ನನಗೆ ನಷ್ಟ ಏನು?
4. ಬೆಲೆ ಬಿದ್ದ ವರ್ಷ ಯಾರ ಸಾಲ ಯಾರನ್ನು ಅವಸರ ಮಾಡುತ್ತದೆ?

ಈಗ ಕಾಗದ ತೆಗೆದು ಓದಿದರೆ ಅದೇ ಬೇರೆ ಥರ ಕಂಡಿತು. ದರ "ಆಗಿನ ಮಾರುಕಟ್ಟೆಯಂತೆ" ಅಂತಿದೆ, ಯಾವ ಮಾರುಕಟ್ಟೆ ಅಂತಿಲ್ಲ. ಗುಣಮಟ್ಟ ಸರಿಯಿಲ್ಲ ಎಂದು ಹಣ್ಣು ತಳ್ಳಿಹಾಕುವ ಹಕ್ಕು ಕಂಪೆನಿಗಿದೆ. ತಳ್ಳಿಹಾಕಿದ್ದನ್ನು ಬೇರೆಯವರಿಗೆ ಮಾರುವ ಹಕ್ಕು ನಮಗಿಲ್ಲ. ಬೆಣ್ಣೆಹಣ್ಣು ಕೊಯ್ದರೆ ಕೆಲವೇ ದಿನಗಳಲ್ಲಿ ಹಣ್ಣಾಗುತ್ತದೆ. ಅಂದರೆ ವೆನಿಲ್ಲಾದ ಅದೇ ಬುಟ್ಟಿ, ಅದೇ ಬಾಗಿಲು.

ಬೆಳೆ ಕೆಟ್ಟದ್ದು ಅಂತಲೋ ಕಂಪೆನಿ ಮೋಸದ್ದು ಅಂತಲೋ ನಾನು ಹೇಳುತ್ತಿಲ್ಲ. ಮೂರು ಮಾತು ಸೇರಿಸಿ ಅಂತ ಬರೆದು ಕೊಟ್ಟಿದ್ದೇವೆ: ಕನಿಷ್ಠ ದರ ನಮೂದಿಸಬೇಕು, ಬೇಡವಾದ ಹಣ್ಣನ್ನು ಹೊರಗೆ ಮಾರಲು ಬಿಡಬೇಕು, ಹಣ ಇಂತಿಷ್ಟು ದಿನದೊಳಗೆ ಕೊಡಬೇಕು. ಉತ್ತರ ಇನ್ನೂ ಬಂದಿಲ್ಲ. ಅಷ್ಟರೊಳಗೆ ಸ್ವಂತ ದುಡ್ಡಿನಲ್ಲಿ 20 ಗಿಡ ಮಾತ್ರ ನೆಡುವುದು, ಉಳಿದ ಜಾಗದಲ್ಲಿ ಕಾಳುಮೆಣಸು ಹಬ್ಬಿಸುವುದು ಅಂತ ತೀರ್ಮಾನಿಸಿದೆವು. ಮೆಣಸು ಒಣಗಿಸಿ ಅಟ್ಟಕ್ಕೇರಿಸಿದರೆ ಕಾಯುತ್ತದೆ.

"ಇಪ್ಪತ್ತೇ ಗಿಡಾನಾ?" ಅಂತ ಮಗನಿಗೆ ಸ್ವಲ್ಪ ಬೇಸರ. ಆದರೂ ನಾಲ್ಕು ಪ್ರಶ್ನೆಯ ಚೀಟಿಯನ್ನು ಅವನೇ ಗೋಡೆಗೆ ಅಂಟಿಸಿದ್ದಾನೆ. ನಿಮ್ಮಲ್ಲೂ ಯಾರಾದರೂ ಇಂಥ ಒಪ್ಪಂದಕ್ಕೆ ಸಹಿ ಹಾಕಿ ನಾಲ್ಕೈದು ವರ್ಷ ಕಳೆದಿದ್ದರೆ, ಸಿಹಿಯೋ ಕಹಿಯೋ, ಅನುಭವವನ್ನು ಪತ್ರಿಕೆಗೆ ಬರೆಯಿರಿ. ಸಹಿ ಹಾಕಲಿರುವ ಹತ್ತು ಜನರಿಗೆ ಉಪಕಾರವಾದೀತು.