ಟಚ್‌ಪ್ಯಾಡ್ ಕೈಕೊಟ್ಟರೆ: ಬೆವರೋ, ಡ್ರೈವರೋ?

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಅಳೆಯುವುದು ಬೆರಳಿನ ಒತ್ತಡವನ್ನಲ್ಲ, ಬೆರಳು ತಾಗಿದಾಗ ವಿದ್ಯುತ್ ಧಾರಕತೆಯಲ್ಲಾಗುವ ಬದಲಾವಣೆಯನ್ನು. ಹಾಗಾಗಿ ಮಂಗಳೂರಿನ ಏಪ್ರಿಲ್, ಮೇ ಸೆಕೆಯ ಬೆವರೂ ಮಳೆಗಾಲದ ತೇವವೂ ಅದನ್ನು ದಾರಿ ತಪ್ಪಿಸುತ್ತವೆ. ಪರದೆಯ ಬಾಣ ತನ್ನಷ್ಟಕ್ಕೆ ಹಾರಾಡತೊಡಗಿದರೆ ಮೊದಲು ಕೈಯನ್ನೂ ಪ್ಯಾಡನ್ನೂ ಒಣಬಟ್ಟೆಯಿಂದ ಒರೆಸಬೇಕು. ಆಮೇಲೆ ಚಾರ್ಜರ್ ತೆಗೆದು ನೋಡಬೇಕು. ತೆಗೆದ ಕೂಡಲೇ ಸರಿಯಾದರೆ ಸಂಶಯಪಡಬೇಕಾದ್ದು ಚಾರ್ಜರನ್ನು ಅಥವಾ ಅರ್ಥಿಂಗ್ ಇಲ್ಲದ ಪ್ಲಗ್ಗನ್ನು. ಡ್ರೈವರ್ ಎಷ್ಟು ಸಲ ಹಾಕಿದರೂ ಅದು ವಾಸಿಯಾಗದು. ಪ್ಯಾಡ್ ಉಬ್ಬಿ ನಿಂತಿದ್ದರೆ ಅಡಿಯ ಬ್ಯಾಟರಿ ಊದಿರುವ ಸಾಧ್ಯತೆಯಿದೆ. ಆಗ ಯಂತ್ರವನ್ನು ಆಫ್ ಮಾಡಿ ರಿಪೇರಿಯವರಿಗೆ ಕೊಡಬೇಕು, ಒತ್ತಿ ಕೂರಿಸಲು ಹೋಗಬಾರದು.

ಪ್ಯಾಡ್ ಪೂರ್ತಿ ಸತ್ತಂತಿದ್ದರೆ ಕೀಬೋರ್ಡಿನ ಮೇಲುಸಾಲಿನಲ್ಲಿ ಪ್ಯಾಡಿನ ಚಿತ್ರವಿರುವ ಕೀಯನ್ನು ಎಫ್‌ಎನ್ ಜತೆ ಒತ್ತಿ ನೋಡಬೇಕು. ಕೈ ತಪ್ಪಿ ಅದು ಒತ್ತಿಹೋಗಿರುವುದೇ ಹೆಚ್ಚು.

ಇಷ್ಟಾದರೂ ಸರಿಯಾಗದಿದ್ದರೆ ಡ್ರೈವರಿನ ಸರದಿ. ಯುಎಸ್‌ಬಿ ಮೌಸ್ ಸಿಕ್ಕಿಸಿಕೊಂಡರೆ ಕೆಲಸ ಸಲೀಸು. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಬಳಿಕ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಹಳೆಯ ಪ್ಯಾಡುಗಳು ಅಲ್ಲಿ ಮೌಸ್‌ಗಳ ಗುಂಪಿನಲ್ಲಿರುತ್ತವೆ. ಹೊಸವು ಸಾಮಾನ್ಯವಾಗಿ ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಅಡಿಯಲ್ಲಿ, ಐ2ಸಿ ಎಚ್‌ಐಡಿ ಎಂಬ ಹೆಸರಿನಲ್ಲಿ. ಹಳದಿ ತ್ರಿಕೋನ ಕಂಡರೆ ತೊಡಕು ಅಲ್ಲಿದೆ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಒತ್ತಿದರೆ ಸಾಕಾಗಬಹುದು. ಆ ಗುಂಡಿ ಮಸುಕಾಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಬೇಕು.

ವಿಂಡೋಸ್ ಹೊಸದಾಗಿ ಹಾಕಿಸಿದ ಯಂತ್ರದಲ್ಲಿ ಪ್ಯಾಡ್ ಪಟ್ಟಿಯಲ್ಲೇ ಕಾಣದಿರುವುದುಂಟು. ಇಲ್ಲಿ ಹಲವರು ಎಡವುತ್ತಾರೆ. ಐ2ಸಿ ಪ್ಯಾಡ್ ಪ್ರೊಸೆಸರಿನೊಂದಿಗೆ ಮಾತಾಡುವುದು ಇನ್ನೊಂದು ನಿಯಂತ್ರಕದ ಮೂಲಕ. ಇಂಟೆಲ್ ಯಂತ್ರಗಳಲ್ಲಿ ಅದರ ಹೆಸರು ಸೀರಿಯಲ್ ಐಒ. ಆ ಸೇತುವೆಯೇ ಇಲ್ಲದಿದ್ದರೆ ಆಚೆ ದಡದ ಪ್ಯಾಡ್ ವಿಂಡೋಸಿಗೆ ಕಾಣುವುದಾದರೂ ಹೇಗೆ? ಹಾಗಾಗಿ ಚಿಪ್‌ಸೆಟ್ ಮೊದಲು, ಸೀರಿಯಲ್ ಐಒ ನಂತರ, ಟಚ್‌ಪ್ಯಾಡ್ ಡ್ರೈವರ್ ಕೊನೆಗೆ. ಮೂರನ್ನೂ ಲ್ಯಾಪ್‌ಟಾಪಿನ ಅಡಿಯ ಸ್ಟಿಕ್ಕರಿನಲ್ಲಿರುವ ಮಾದರಿ ಸಂಖ್ಯೆ ಕೊಟ್ಟು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು. ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿನಲ್ಲಿ ಹಾಕಿಕೊಡುವುದಾಗಿ ಹೇಳುವ ತಂತ್ರಾಂಶಗಳ ಸಹವಾಸ ಬೇಡ.

ಏಸರ್‌ನ ಹಲವು ಮಾದರಿಗಳ ಬಯಾಸ್‌ನಲ್ಲಿ ಟಚ್‌ಪ್ಯಾಡಿಗೆ ಬೇಸಿಕ್, ಅಡ್ವಾನ್ಸ್ಡ್ ಎಂಬ ಎರಡು ಆಯ್ಕೆಗಳಿವೆ. ಬೇಸಿಕ್ ಎಂದರೆ ಹಳೆಯ ಪಿಎಸ್/2 ದಾರಿ. ಅದರಲ್ಲಿ ಪ್ಯಾಡ್ ಓಡುತ್ತದೆ, ಆದರೆ ಮೂರು ಬೆರಳಿನ ಸನ್ನೆಗಳು ಸಿಗುವುದು ಕಷ್ಟ. ಸೀರಿಯಲ್ ಐಒ ಸಿಗುವವರೆಗೆ ಅಷ್ಟೇ ಸಾಕು.

ಉಬುಂಟುವಿನಲ್ಲಿ ಪ್ರತ್ಯೇಕ ಡ್ರೈವರ್ ಹುಡುಕಬೇಕಾದ ಸಂದರ್ಭ ಕಡಿಮೆ. ಬೆಂಬಲ ಕರ್ನೆಲ್‌ನಲ್ಲೇ ಇರುತ್ತದೆ, ಬೆರಳಿನ ಚಲನೆಯನ್ನು ಅರ್ಥೈಸುವುದು ಲಿಬ್‌ಇನ್‌ಪುಟ್. ಹೊಸ ಯಂತ್ರದ ಪ್ಯಾಡ್ ಗುರುತಾಗದಿದ್ದರೆ ಹೊಸ ಕರ್ನೆಲ್‌ಗೆ ಬದಲಾಯಿಸುವುದು ಮೊದಲ ಮದ್ದು.